ಸರ್ವಾನುಮತದಿಂದ

ಸೂಲಗುಂಟೆ
18 ಜುಲೈ 2024

ಗಂಗತ್ತೆ,

ಇವತ್ತು ಬೆಳಿಗ್ಗೆ ಕಚೇರಿಯ ನೋಟೀಸ್ ಬೋರ್ಡಿನ ಬೀಗದ ತೂತಿನಲ್ಲಿ ಒಂದು ಕಡಜ ಮಣ್ಣಿನ ಗೂಡು ಕಟ್ಟಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು. ಅಟೆಂಡರ್ ಮುರಳಿ ಬೀಗದ ಕೈ ಹಿಡಿದು ಬಂದವನು ಅದನ್ನು ನೋಡಿ ನಿಂತುಬಿಟ್ಟ. "ಮರಿ ಇಟ್ಟಿರ್ತದೆ ಮೇಡಂ, ಕೀಳೋದು ಬ್ಯಾಡ" ಎಂದು, ತಂದಿದ್ದ ಕಾಗದವನ್ನು ಗಾಜಿನ ಹೊರಗಡೆಯೇ ಅಂಟಿಸಿದ. ಮಧ್ಯಾಹ್ನದ ಗಾಳಿಗೆ ಎರಡನೇ ಹಾಳೆ ಹಾರಿಹೋಯಿತು. ಊರುಗಳ ಹೆಸರು ಇದ್ದದ್ದು ಆ ಹಾಳೆಯಲ್ಲೇ.

ಆ ಕಾಗದ ನಮ್ಮ ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಮಾಡುವ ಕರಡು ಅಧಿಸೂಚನೆ. ಜುಲೈ ಹದಿನೈದರ ದಿನಾಂಕವಿದೆ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೊಡಬೇಕು. ಪಟ್ಟಿಯಲ್ಲಿ ಗುಡ್ಡದಹಟ್ಟಿಯೂ ಸೇರಿದೆ. ನಲವತ್ತು ಮನೆ, ನಮ್ಮಿಂದ ನಾಲ್ಕು ಕಿಲೋಮೀಟರ್, ನಡುವೆ ಒಂದು ಅಂಗಡಿಯೂ ಇಲ್ಲ. ಅದು ಯಾವ ಪಟ್ಟಣಕ್ಕೆ ಸೇರುತ್ತದೆ ಎಂದು ನನಗೆ ಗೊತ್ತಾಗಲಿಲ್ಲ.

ಸಂಜೆ ಹಟ್ಟಿಯ ನರಸಮ್ಮ ಬಂದಿದ್ದರು. ಉದ್ಯೋಗ ಖಾತ್ರಿ ಕೆಲಸದಲ್ಲಿ ಅವರು ಕಾಯಕ ಬಂಧು ಅಲ್ಲವೇ, ಇಪ್ಪತ್ತು ಹೆಂಗಸರ ಹಾಜರಿ ತೆಗೆದುಕೊಂಡು ಬಂದಿದ್ದರು. ಮೊಬೈಲಿನಲ್ಲಿದ್ದ ಹಾಳೆಯ ಫೋಟೊ ಓದಿ ಹೇಳಿದೆ.

"ಟೌನ್ ಆದ್ರೆ ನಮ್ಗೇನವ್ವ ಆಯ್ತದೆ?"

"ಟೌನಿನಲ್ಲಿ ಉದ್ಯೋಗ ಖಾತ್ರಿ ಇರೋದಿಲ್ಲ ನರಸಮ್ಮ."

"ಇರೋದಿಲ್ಲ ಅಂದ್ರೆ? ಕಮ್ಮಿ ಆಯ್ತದಾ?"

"ಇರೋದೇ ಇಲ್ಲ. ಜಾಬ್ ಕಾರ್ಡ್ ನಡೆಯೋದಿಲ್ಲ."

ಅವರು ಮೊಣಕಾಲು ತಿಕ್ಕಿಕೊಂಡರು. "ಈ ಕಾಲಲ್ಲಿ ದ್ರಾಕ್ಷಿ ತೋಟದ ಟೆಂಪೋ ಹತ್ತಕ್ಕಾದಾತಾ? ಗುಡ್ಡದ ಬುಡದಲ್ಲಿ ಟ್ರೆಂಚ್ ಹೊಡ್ಕೊಂಡು ಮನೆ ಮುಂದೆ ಕೆಲ್ಸ ಮಾಡ್ತಿದ್ವಿ" ಎಂದರು. ಆಮೇಲೆ, "ಗಂಗಮ್ಮಾರು ಯಾವಾಗ ಬತ್ತಾರೆ? ಅವ್ರಿದ್ರೆ ಬಿಡ್ತಿರ್ಲಿಲ್ಲ" ಎಂದರು.

ನಿಮಗೆ ಫೋನ್ ಮಾಡೋಣವೆಂದರೆ ಅಧ್ಯಕ್ಷರೆಂದು ನಿಮಗೆ ಕೊಟ್ಟ ನಂಬರು ನಿಮ್ಮ ಯಜಮಾನರ, ಅಪ್ಪಯ್ಯಣ್ಣನವರ, ಜೇಬಿನಲ್ಲಿದೆ. ಬಿಲ್ಲಿನ ಓಟಿಪಿಯೆಲ್ಲ ಅದಕ್ಕೇ ಬರುವುದರಿಂದ ನೀವು ಬಿಟ್ಟು ಹೋದಿರಿ. ನಿಮ್ಮ ಮಗಳ ಮನೆಗೆ ಮಾಡೋಣವೆಂದರೆ ಸಿಂಚನಕ್ಕನ ಫೋನನ್ನು ಅವರ ಅತ್ತೆ ಎತ್ತುತ್ತಾರೆ. ಅವರ ಹತ್ತಿರ ಇದೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೋಗುವಾಗ "ಏನಿದ್ರೂ ಕಾಗ್ದ ಬರಿ, ನಿನ್ನ ಬಾಯಿಗಿಂತ ಕೈ ವಾಸಿ" ಎಂದು ನೀವೇ ಲಕೋಟೆ ಕೊಟ್ಟಿದ್ದಿರಲ್ಲ, ಅದನ್ನು ತೆಗೆದೆ. ಎಂಎ ಮುಗಿಸಿ ಮನೆಯಲ್ಲಿ ಮೂಲೆ ಹಿಡಿದಿದ್ದವಳನ್ನು ಡಾಟಾ ಎಂಟ್ರಿಗೆ ಸೇರಿಸಿಕೊಂಡವರೂ ನೀವೇ.

ಹಟ್ಟಿಯನ್ನು ಬಿಡಬೇಕೆಂದು ಪಂಚಾಯಿತಿಯೇ ಸಭೆ ಮಾಡಿ ಬರೆದರೆ ಆ ಮಾತಿಗೆ ಬೆಲೆ ಇರುತ್ತದೆ. ಆಗಸ್ಟ್ ಹದಿನಾಲ್ಕು ಕೊನೆಯ ದಿನ. ಒಂದು ದಿನದ ಮಟ್ಟಿಗೆ ಬಂದುಹೋಗಲು ಆಗುತ್ತದೆಯೇ?

ಅಕ್ಷತ


ದಾವಣಗೆರೆ
27 ಜುಲೈ 2024

ಅಕ್ಷತ,

ನಿನ್ನ ಕಾಗದ ಓದಿ ಎಷ್ಟು ಸಂತೋಷ ಆಯಿತು ಅಂದರೆ, ಅಡುಗೆಮನೆಗೆ ಹೋಗಿ ಬೀಗಿತಿಗೆ ಹೇಳಿಬಿಟ್ಟೆ, ನಮ್ಮೂರು ಟೌನ್ ಆಗ್ತಾ ಇದೆ ಅಂತ. ಆಯಮ್ಮ "ಹಂಗಾದ್ರ ನೀವು ಟೌನ್ ಪ್ರೆಸಿಡೆಂಟ್ ಆದ್ರಿ ಬಿಡ್ರಿ" ಅಂದರು. ನಾನು ಕುಕ್ಕರ್ ಇಳಿಸುತ್ತಾ ನಗುತ್ತಾ ನಿಂತಿದ್ದೆ. ಏಳನೇ ಕ್ಲಾಸು ಓದಿದವಳು ಪಟ್ಟಣದ ಅಧ್ಯಕ್ಷೆ ಅಂದರೆ ಸುಮ್ಮನೆ ಆಯಿತಾ?

ಹಟ್ಟಿ ವಿಷಯ ನನಗೆ ಬಿಡು. ನಾನಿಲ್ಲದೆ ಯಾರೂ ಸಭೆ ಮಾಡೋಕಾಗಲ್ಲ, ನಿರ್ಣಯ ಬರೆಯೋಕಾಗಲ್ಲ. ನರಸಮ್ಮನಿಗೆ ಹೇಳು, ಗಂಗಮ್ಮ ಬದುಕಿರೋವರೆಗೂ ಹಟ್ಟಿಯವರ ಕೂಲಿಗೆ ಯಾರೂ ಕೈ ಹಾಕಲ್ಲ ಅಂತ. ಎಲೆಕ್ಷನ್ನಿನಲ್ಲಿ ಆ ನಲವತ್ತು ಮನೆಯೇ ನನ್ನ ಕೈ ಹಿಡಿದಿದ್ದು. ನರಸಮ್ಮ ಮಡಿಲಲ್ಲಿ ಹುರಿಗಡಲೆ ಕಟ್ಟಿಕೊಂಡು ಬಿಸಿಲಲ್ಲಿ ನನ್ನ ಜೊತೆ ತಿರುಗಿದ್ದನ್ನು ಮರೆತಿಲ್ಲ.

ಸಿಂಚನಾಗೆ ಏಳು ತಿಂಗಳು. ಎದ್ದು ನಿಲ್ಲಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಬಾಣಂತನ ನಮ್ಮ ಮನೆಯಲ್ಲಿ ಆಗಬೇಕಿತ್ತು, ಪ್ರಯಾಣ ಮಾಡಿಸೋ ಹಾಗಿಲ್ಲ, ಅದಕ್ಕೆ ನಾನೇ ಇವರ ಮನೆಯಲ್ಲಿ ಬಿದ್ದಿದ್ದೀನಿ. ಆಗಸ್ಟ್ ಹತ್ತಕ್ಕೆ ಒಂದು ದಿನ ಬರ್ತೀನಿ. ಅಷ್ಟರಲ್ಲಿ ನೀನು ಆಕ್ಷೇಪಣೆ ಬರೆದಿಟ್ಟಿರು, ಒಳ್ಳೆ ಕನ್ನಡದಲ್ಲಿ. ಓದಿದರೆ ಸಾಹೇಬರಿಗೆ ಕಣ್ಣಲ್ಲಿ ನೀರು ಬರಬೇಕು.

ನಿಮ್ಮ ಅಪ್ಪಯ್ಯಣ್ಣನವರಿಗೆ ಊಟ ಸರಿಯಾಗಿ ಆಗ್ತಿದೆಯೋ ಇಲ್ಲವೋ ನೋಡಿ ಬರಿ.

ಗಂಗತ್ತೆ


ಸೂಲಗುಂಟೆ
3 ಆಗಸ್ಟ್ 2024

ಗಂಗತ್ತೆ,

ಅಪ್ಪಯ್ಯಣ್ಣನವರ ಊಟಕ್ಕೆ ಕೊರತೆಯಿಲ್ಲ. ಮಧ್ಯಾಹ್ನ ಕಚೇರಿಯಲ್ಲೇ ಮುದ್ದೆ ತರಿಸುತ್ತಾರೆ. ನಿಮ್ಮ ಕುರ್ಚಿಯಲ್ಲಿ ಕೂರುವುದಿಲ್ಲ, ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಿದ್ದಾರೆ. ಬಂದವರೆಲ್ಲ ಆ ಕಡೆಗೇ ತಿರುಗಿ ಮಾತಾಡುತ್ತಾರೆ.

ಅಧ್ಯಕ್ಷಗಿರಿಯ ಬಗ್ಗೆ ನೀವು ಬರೆದದ್ದನ್ನು ನೀವು ಬಂದಾಗ ಮಾತಾಡೋಣ.

ಆಕ್ಷೇಪಣೆ ಬರೆದೆ. ಮೂರು ಸಲ ಹರಿದು ಬರೆದೆ. ಹಟ್ಟಿಯಲ್ಲಿ ಚಾವಡಿಯ ಮುಂದೆ ಎಲ್ಲರನ್ನೂ ಕೂರಿಸಿ ಓದಿ ಹೇಳಿದೆ. ನನ್ನ ಧ್ವನಿ ಹಿಂದಿನವರಿಗೆ ಕೇಳಿಸಲಿಲ್ಲ. "ಜೋರಾಗಿ ಓದವ್ವ, ಇದೇನು ಗುಟ್ಟಾ?" ಎಂದು ನರಸಮ್ಮ ನನ್ನ ಕೈಯಿಂದ ಹಾಳೆ ಕಸಿದುಕೊಂಡರು. ಅವರಿಗೆ ಓದು ಬರುವುದಿಲ್ಲ. ಆದರೂ ಹಾಳೆ ಹಿಡಿದು ನಾನು ಪಿಸುಗುಟ್ಟಿದ್ದನ್ನೆಲ್ಲ ಸಾಲುಸಾಲಾಗಿ ಕೂಗಿ ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಪ್ಪತ್ತೊಂದು ಜನ ಹೆಬ್ಬೆಟ್ಟು, ಸಹಿ ಹಾಕಿದರು.

ಅದನ್ನು ನಾನೇ ದೇವನಹಳ್ಳಿಯ ಕಡೆ ಇರುವ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕೊಟ್ಟು ಬರುತ್ತೇನೆ ಎಂದೆ. ನರಸಮ್ಮ ಒಪ್ಪಲಿಲ್ಲ. "ನೀನು ಬಾಗ್ಲಲ್ಲೇ ನಿಂತ್ಕೊಂಡು ವಾಪಸ್ ಬತ್ತೀಯ. ಅಧ್ಯಕ್ಷರ ಮನೆಯೋರು ಕೊಟ್ರೆ ಅದ್ರ ಗತ್ತೇ ಬೇರೆ" ಎಂದು ಅಪ್ಪಯ್ಯಣ್ಣನವರ ಕೈಗೆ ಕೊಟ್ಟರು. ಅವರು ಎರಡು ಕೈಯಲ್ಲಿ ತೆಗೆದುಕೊಂಡರು.

ಈ ವಾರ ಕಚೇರಿಯಲ್ಲಿ ಬರವಣಿಗೆ ಕೆಲಸ ಜಾಸ್ತಿಯಿತ್ತು. ಬೇರೇನಿಲ್ಲ. ಹತ್ತಕ್ಕೆ ಖಂಡಿತ ಬನ್ನಿ ಅತ್ತೆ.

ಅಕ್ಷತ


ದಾವಣಗೆರೆ
12 ಆಗಸ್ಟ್ 2024

ಅಕ್ಷತ,

ಎಂಟನೇ ತಾರೀಖು ಹೆರಿಗೆ ಆಯಿತು. ತಿಂಗಳು ತುಂಬಲಿಲ್ಲ. ಹೆಣ್ಣು ಮಗು, ಒಂದೂವರೆ ಕೆಜಿ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಕೈ ತೊಳೆದುಕೊಂಡು ಒಳಗೆ ಹೋಗಿ ದೂರದಿಂದ ನೋಡಿ ಬರಬೇಕು. ಸಿಂಚನಾ ಗೋಡೆ ಕಡೆ ತಿರುಗಿ ಮಲಗುತ್ತಾಳೆ.

ಬರೋಕೆ ಆಗಲಿಲ್ಲ, ಆಗೋದೂ ಇಲ್ಲ. ಇವರು ಬಂದು ಮಗು ನೋಡಿಕೊಂಡು ಹೋದರು. ಹಟ್ಟಿ ವಿಷಯ ಕೇಳಿದೆ. "ನಾನ್ ನೋಡ್ಕೋತೀನಿ, ನೀನು ಮಗೀನ ನೋಡ್ಕೋ" ಅಂದರು. ನನ್ನ ಸಹಿಗೆ ತೊಂದರೆ ಆಗಲ್ಲ, ಅದರ ಚಿಂತೆ ಬೇಡ. ಮಗುವಿನ ಹೆಸರಲ್ಲಿ ಸಪ್ಪಲಮ್ಮನಿಗೆ ಒಂದು ಹರಕೆ ಕಟ್ಟಿಸು.

ಗಂಗತ್ತೆ


ಸೂಲಗುಂಟೆ
20 ಆಗಸ್ಟ್ 2024

ಗಂಗತ್ತೆ,

ಸಪ್ಪಲಮ್ಮನಿಗೆ ಹರಕೆ ಕಟ್ಟಿದೆ. ನರಸಮ್ಮನೂ ಬಂದಿದ್ದರು. ಮಗುವಿನ ತೂಕ ಕೇಳಿ ಎರಡೂ ಅಂಗೈ ಜೋಡಿಸಿ "ಇಷ್ಟೇ ಇರ್ತದಾ?" ಎಂದು ತೋರಿಸಿದರು.

ಕೊನೆಯ ದಿನ ಕಳೆಯಿತು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಚೀಟಿ ಇದೆಯೇ ಎಂದು ಅಪ್ಪಯ್ಯಣ್ಣನವರನ್ನು ಕೇಳಬೇಕೆಂದು ಎರಡು ದಿನ ಅವರ ಕುರ್ಚಿಯ ಹತ್ತಿರ ಹೋಗಿ ಬಂದೆ. ಮೂರನೆಯ ದಿನ ನರಸಮ್ಮನೇ ಕೇಳಿದರು. "ಕೊಟ್ಟಾಯ್ತು ಕಣಮ್ಮಿ, ನನ್ ಮೇಲೆ ನಂಬ್ಕೆ ಇಲ್ವಾ?" ಎಂದರು ಅಪ್ಪಯ್ಯಣ್ಣ. ನರಸಮ್ಮ ನಾಲಿಗೆ ಕಚ್ಚಿಕೊಂಡು "ಅಯ್ಯೋ, ಹಂಗಲ್ಲಪ್ಪಾ" ಎಂದು ಎದ್ದು ಹೋದರು.

ನೀವು ಇದ್ದಿದ್ದರೆ ಎಂದು ಬರೆಯಲು ಹೋಗಿ ಬಿಟ್ಟೆ. ಮಗು ಹೇಗಿದೆ?

ಅಕ್ಷತ


ಸೂಲಗುಂಟೆ
29 ನವೆಂಬರ್ 2024

ಗಂಗತ್ತೆ,

ಮೂರು ತಿಂಗಳು ಬರೆಯಲಿಲ್ಲ. ನೀವೂ ಬರೆಯಲಿಲ್ಲ. ಮಗು ಮನೆಗೆ ಬಂತೆಂದು ಅಪ್ಪಯ್ಯಣ್ಣ ಕಚೇರಿಗೆಲ್ಲ ಬರ್ಫಿ ಹಂಚಿದಾಗ ತಿಳಿಯಿತು.

ಈಗ ನಾವು ಪಟ್ಟಣ. ಅಂತಿಮ ಅಧಿಸೂಚನೆ ಬಂದು ಒಂದೂವರೆ ತಿಂಗಳಾಯಿತು. ಗ್ರಾಮ ಪಂಚಾಯಿತಿ ಅಂದೇ ಮುಗಿಯಿತು. ನಿಮ್ಮ ಅಧ್ಯಕ್ಷ ಸ್ಥಾನವೂ, ಎಲ್ಲರ ಸದಸ್ಯತ್ವವೂ ಅದರ ಜೊತೆ ಹೋಯಿತು. ಚುನಾವಣೆ ನಡೆಯುವವರೆಗೆ ತಹಶೀಲ್ದಾರರೇ ಆಡಳಿತಾಧಿಕಾರಿ. ಅವರಿಗೆ ಇಡೀ ತಾಲ್ಲೂಕಿನ ಕೆಲಸವಿದೆ, ಗುರುವಾರ ಒಂದು ಗಂಟೆ ಬರುತ್ತಾರೆ. ಹೊಸ ಮುಖ್ಯಾಧಿಕಾರಿ ಒಳ್ಳೆಯವರೇ. ಏನು ಕೇಳಿದರೂ "ಕೌನ್ಸಿಲ್ ಬರಲಿ, ಅವರೇ ತೀರ್ಮಾನ ಮಾಡ್ತಾರೆ" ಎನ್ನುತ್ತಾರೆ. ಕೌನ್ಸಿಲ್ ಯಾವಾಗ ಬರುತ್ತದೆ ಎಂದರೆ ವಾರ್ಡಿನ ಮೀಸಲಾತಿ ಆಗಬೇಕು ಎನ್ನುತ್ತಾರೆ. ಅದು ಯಾವಾಗ ಎಂದರೆ ಸೀಲಿಂಗ್ ನೋಡುತ್ತಾರೆ. ಅವರ ಕೈಯಲ್ಲೂ ಏನಿಲ್ಲ.

ಹೊಸ ಬೋರ್ಡು ಬಂದಿದೆ. ಹಳೆಯದನ್ನು ಮುರಳಿ ಸೈಕಲ್ ಸ್ಟ್ಯಾಂಡಿನ ಮೇಲೆ ಹೊದಿಸಿದ್ದಾನೆ.

ಗುಡ್ಡದಹಟ್ಟಿ ಹನ್ನೊಂದನೇ ವಾರ್ಡು. ಹೋದ ತಿಂಗಳು ನರಸಮ್ಮ ಮುಂದಿನ ಕೆಲಸಕ್ಕೆ ಅರ್ಜಿ ತಂದರು. ನಾನು ಕಂಪ್ಯೂಟರಿನಲ್ಲಿ ಜಿಲ್ಲೆ ಒತ್ತಿದೆ, ತಾಲ್ಲೂಕು ಒತ್ತಿದೆ, ಪಂಚಾಯಿತಿಗಳ ಪಟ್ಟಿ ತೆರೆಯಿತು. ಅದರಲ್ಲಿ ನಮ್ಮ ಊರಿಲ್ಲ. ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ನರಸಮ್ಮ ಪರದೆಯನ್ನೇ ನೋಡುತ್ತಿದ್ದರು.

"ಕರೆಂಟ್ ಹೋಗ್ಯದೆ ಅಂತ ಹೇಳವ್ವ, ನಾಳೆ ಬತ್ತೀನಿ."

"ಕರೆಂಟ್ ಇದೆ ನರಸಮ್ಮ. ಊರೇ ಇಲ್ಲ ಇದರಲ್ಲಿ."

"ಇಲ್ಲೇ ಕುಂತಿವ್ನಲ್ಲವ್ವ ನಾನು" ಎಂದರು.

ಆಮೇಲೆ ಅವರ ಪರವಾಗಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆದು ಹಾಕಿದೆ, ಹಟ್ಟಿಯ ಆಕ್ಷೇಪಣೆ ಏನಾಯಿತೆಂದು. ನಿನ್ನೆ ಉತ್ತರ ಬಂತು. ಗುಡ್ಡದಹಟ್ಟಿಯಿಂದ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ. ಅಲ್ಲದೆ ಹಟ್ಟಿಯೂ ಸೇರಿ ಎಲ್ಲ ಗ್ರಾಮಗಳಿಗೆ ಒಪ್ಪಿಗೆಯಿದೆಯೆಂದು 30-7-2024ರಂದು ಪಂಚಾಯಿತಿಯೇ ನಿರ್ಣಯ ಮಾಡಿದೆ. ನಿರ್ಣಯದ ಪ್ರತಿ ಇಟ್ಟಿದ್ದಾರೆ. ಕೆಳಗೆ ನಿಮ್ಮ ಸಹಿ ಇದೆ.

ಅವತ್ತು ನೀವು ದಾವಣಗೆರೆಯಲ್ಲಿದ್ದಿರಿ. ಸಹಿ ಹೇಗೆ ಬಂತು ಅತ್ತೆ?

ನರಸಮ್ಮ ಅದನ್ನು ನನ್ನ ಕೈಯಲ್ಲಿ ಓದಿಸಿ, ನಿಮ್ಮ ಸಹಿಯ ಮೇಲೆ ಬೆರಳಿಟ್ಟು, "ಇದು ಗಂಗಮ್ಮಾರದಾ?" ಎಂದು ಕೇಳಿದರು. ಹೌದು ಎಂದೆ.

ಅಕ್ಷತ


ದಾವಣಗೆರೆ
14 ಡಿಸೆಂಬರ್ 2024

ಅಕ್ಷತ,

ನನ್ನ ಪದವಿ ಹೋಗುತ್ತೆ ಅಂತ ನಿನಗೆ ಜುಲೈಯಲ್ಲೇ ಗೊತ್ತಿತ್ತು. "ಬಂದಾಗ ಮಾತಾಡೋಣ" ಅಂತ ಬರೆದೆ. ನಾನು ಇಲ್ಲಿ ಬೀಗಿತಿ ಮುಂದೆ, ಪಕ್ಕದ ಮನೆಯವರ ಮುಂದೆ ಟೌನ್ ಪ್ರೆಸಿಡೆಂಟ್ ಅಂತ ಹೇಳಿಕೊಂಡು ಕೂತಿದ್ದೆ. ನನಗೆ ಹೇಗೆ ಗೊತ್ತಾಯಿತು ಗೊತ್ತಾ? ಟೌನ್ ಆದ ಮೇಲೆ ಇವರು ಮತ್ತೆ ಮಗು ನೋಡೋಕೆ ಬಂದಾಗ ನನ್ನ ಫೋನು ತಂದು ಕೊಟ್ಟರು. "ತಗೋ, ಇನ್ಮೇಲೆ ಇದು ನಿಂದೇ" ಅಂದರು. ಯಾಕೆ ಅಂದೆ. ಆಗ ಹೇಳಿದರು. ಫೋನು ಕಿಟಕಿ ಮೇಲೆ ಇದೆ, ಯಾರೂ ಮಾಡಲ್ಲ.

ಸಹಿ ನನ್ನದೇ ಅಂತ ನೀನು ಹೇಗೆ ಹೇಳಿದೆ? ಯಾರಾದರೂ ನನ್ನ ಹಾಗೇ ಹಾಕಿರಬಹುದು. ಅದನ್ನು ಹೇಳೋಕೆ ನೀನು ಯಾರು? ನಿನ್ನನ್ನು ಕೆಲಸಕ್ಕೆ ಸೇರಿಸಿದ್ದಕ್ಕೆ ಇದಾ?

ಗಂಗಲಕ್ಷ್ಮಮ್ಮ


ದಾವಣಗೆರೆ
6 ಜನವರಿ 2025

ಅಕ್ಷತ,

ನಿನ್ನ ಉತ್ತರ ಬರಲಿಲ್ಲ. ಬರಲ್ಲ ಅಂತ ಅಂದುಕೊಂಡಿದ್ದೆ. ಈಗ ಫೋನ್ ಇದೆ, ಮಾಡಬಹುದು, ಆದರೆ ಇದನ್ನು ಬಾಯಲ್ಲಿ ಹೇಳೋಕಾಗಲ್ಲ.

ಸಹಿ ನನ್ನದೇ. ನಾನು ಹೊರಟ ದಿನ ಬಾಗಿಲಲ್ಲಿ ಆಟೊ ನಿಂತಿತ್ತು. ಸಿಂಚನಾಗೆ ರಕ್ತ ಹೋಗ್ತಿದೆ ಅಂತ ಫೋನ್ ಬಂದು ನನಗೆ ಕೈಕಾಲು ಆಡ್ತಿರಲಿಲ್ಲ. ಇವರು ಸಭೆಯ ನಡವಳಿ ಪುಸ್ತಕ ತಂದು ಒಲೆ ಕಟ್ಟೆ ಮೇಲೆ ಇಟ್ಟರು. "ನೀನು ಬರೋದು ಎಷ್ಟ್ ದಿನ ಆಯ್ತದೋ, ಬೋರ್‌ವೆಲ್ ಬಿಲ್ಲು, ಲೈಟ್ ಬಿಲ್ಲು ನಿಂತೋಗ್ತವೆ, ಖಾಲಿ ಹಾಳೆಗೆ ಹಾಕ್ಬಿಡು" ಅಂದರು. ಹತ್ತು ಹಾಳೆಗೆ ಹಾಕಿದೆ. ಕೊನೆಯ ಎರಡು ಸಹಿ ನೆಟ್ಟಗೂ ಇಲ್ಲ.

ಅದು ತಪ್ಪು ಅಂತ ಅವತ್ತು ಅನಿಸಲೇ ಇಲ್ಲ. ನನಗಿಂತ ಮುಂಚೆ ಇದ್ದ ಆದಿನಾರಾಯಣಪ್ಪನವರೂ ಹಾಕ್ತಿದ್ದರು, ಸುತ್ತಮುತ್ತ ಎಲ್ಲಾ ಕಡೆ ಹಾಕ್ತಾರೆ. ಆಮೇಲೆ ಪುಸ್ತಕ ಮೆಂಬರ್‌ಗಳ ಮನೆಮನೆಗೆ ಹೋಗುತ್ತೆ, ಅವರೂ ಹಾಕ್ತಾರೆ. ಮನೆ ಬಾಗಿಲು ಹಾಕೋವಾಗ ಬೀಗದ ಕೈ ಪಕ್ಕದ ಮನೆಗೆ ಕೊಟ್ಟು ಹೋಗಲ್ವಾ, ಹಾಗೆ ಅಂದುಕೊಂಡಿದ್ದೆ.

ಇವರನ್ನು ಕೇಳಿದೆ. "ಹಟ್ಟಿ ಬಿಟ್ರೆ ತಲೆ ಲೆಕ್ಕ ಹತ್ತು ಸಾವ್ರ ಮುಟ್ಟಲ್ಲ, ಟೌನ್ ಆಗಲ್ಲ. ಊರಿಗೆ ಒಳ್ಳೇದಾಗ್ಲಿ ಅಂತ ಮಾಡ್ದೆ" ಅಂದರು. ಅದರಲ್ಲಿ ಸುಳ್ಳು ಕಾಣಲಿಲ್ಲ ನನಗೆ. ರಸ್ತೆ ಪಕ್ಕ ನಮ್ಮ ಎರಡೆಕರೆ ಇರೋದೂ ನಿನಗೆ ಗೊತ್ತು.

ಒಂದು ಮಾತ್ರ ಹೇಳಲಿಲ್ಲ. ಆ ಹಾಳೆ ತುಂಬಿದವರು ಯಾರು? ಇವರಿಗೆ ನಾಲ್ಕು ಸಾಲು ನೆಟ್ಟಗೆ ಬರೆಯೋಕೆ ಬರಲ್ಲ. ಪಿಡಿಒ ಬರೆದರಾ?

ಗಂಗತ್ತೆ


ಸೂಲಗುಂಟೆ
2 ಫೆಬ್ರವರಿ 2025

ಗಂಗತ್ತೆ,

ನಾನು ಬರೆದೆ.

ಜುಲೈ ಮೂವತ್ತು, ಮಂಗಳವಾರ. ಪಿಡಿಒ ಸಾಹೇಬರು ಬೇರೆ ಪಂಚಾಯಿತಿಯ ಕೆಲಸದಲ್ಲಿದ್ದರು, ಆಮೇಲೆ ಬಂದು ಸಹಿ ಮಾಡಿದರು. ಅಪ್ಪಯ್ಯಣ್ಣ ನನ್ನ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟರು. ಹಾಳೆಯ ತಳದಲ್ಲಿ ನಿಮ್ಮ ಸಹಿ ಆಗಲೇ ಇತ್ತು. "ನಿನ್ನಕ್ಷರ ಮುತ್ತಿನಂಗದೆ, ಬರಿಯಮ್ಮ" ಎಂದರು. ಮುರಳಿ ಟೀ ತಂದುಕೊಟ್ಟ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. "ಎಲ್ಲಾ ಹಳ್ಳೀನೂ ಸೇರ್ಸಿ, ಎಲ್ರೂ ಒಪ್ಪವ್ರೆ ಅಂತ ಬರಿ" ಎಂದಷ್ಟೇ ಅಂದರು. "ಹಳ್ಳಿಗಳ ಹೆಸರು ಬರೆಯಬೇಕಾ?" ಎಂದು ಕೇಳಿದವಳು ನಾನು. "ಬರಿ, ಬರಿ, ಸರಿಯಾಗಿರ್ಲಿ" ಎಂದರು. ಗುಡ್ಡದಹಟ್ಟಿ ಎಂದು ಬರೆದೆ. ಎಲ್ಲರೂ ಒಪ್ಪಿದ್ದಾರೆ ಎನ್ನುವುದು ನಿರ್ಣಯದ ಭಾಷೆಯಲ್ಲ ಎಂದು ನನಗೇ ಅನ್ನಿಸಿ, "ಸರ್ವಾನುಮತದಿಂದ" ಎಂದು ಬರೆದೆ. ಆ ಪದ ಅವರು ಹೇಳಲಿಲ್ಲ. ಅದು ನನ್ನದು.

ಹಟ್ಟಿಯ ಆಕ್ಷೇಪಣೆ ಬರೆದ ಪೆನ್ನಿನಲ್ಲೇ ಬರೆದೆ.

ಬರೆಯುವಾಗ ಗೊತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಗೊತ್ತಿತ್ತು. ಇದು ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು "ಇನ್ನೊಂದ್ ಪ್ಯಾರಾ" ಎಂದರು. ಸಾಲು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಸಾಲು ಮುಗಿದ ಮೇಲೆ ಹಾಳೆಯೇ ಮುಗಿದಿತ್ತು. ಹಟ್ಟಿಯ ಆಕ್ಷೇಪಣೆ ಹೋದರೆ ಇದಕ್ಕೆ ಬೆಲೆ ಇರುವುದಿಲ್ಲ, ನೀವು ಬಂದೇ ಬರುತ್ತೀರಿ ಎಂದು ಹತ್ತನೇ ತಾರೀಖಿನವರೆಗೆ ಹೇಳಿಕೊಂಡೆ. ನವೆಂಬರಿನಲ್ಲಿ, ಸಹಿ ಹೇಗೆ ಬಂತು ಎಂದು ಏನೂ ತಿಳಿಯದವಳ ಹಾಗೆ ನಿಮ್ಮನ್ನು ಕೇಳಿದೆ. ಅದಕ್ಕೇ ನಿಮ್ಮ ಡಿಸೆಂಬರಿನ ಪತ್ರಕ್ಕೆ ಉತ್ತರ ಬರೆಯಲಾಗಲಿಲ್ಲ.

ಇನ್ನೊಂದು ವಿಷಯ. ಹಳೆಯ ಪುಸ್ತಕಗಳನ್ನು ತಾಲ್ಲೂಕು ಪಂಚಾಯಿತಿಗೆ ಕಳಿಸಲು ಗಂಟು ಕಟ್ಟುವಾಗ ನಡವಳಿ ಪುಸ್ತಕದ ನಡುವೆ ಹಟ್ಟಿಯ ಆಕ್ಷೇಪಣೆ ಸಿಕ್ಕಿತು. ಎಪ್ಪತ್ತೊಂದು ಹೆಸರೂ ಇದೆ. ಪುಟದ ಗುರುತಿಗೆ ಮಡಚಿ ಇಟ್ಟಿದ್ದಾರೆ. ಅಡಗಿಸಿದ್ದಲ್ಲ ಅತ್ತೆ, ಗುರುತಿಗೆ ಇಟ್ಟದ್ದು. ನನಗೆ ಅದೇ ತಡೆಯಲಾಗಲಿಲ್ಲ.

ಹನ್ನೊಂದನೇ ವಾರ್ಡಿಗೆ ಬೀದಿ ದೀಪ ಬಂದಿದೆ, ಎರಡು. ಮನೆ ಕಂದಾಯದ ನೋಟೀಸು ಬಂದಿದೆ. ದನದ ಕೊಟ್ಟಿಗೆ ಕಟ್ಟಲು ಈಗ ನಕ್ಷೆ ಬೇಕು. ಕೇಳಿಕೊಂಡು ಬರುವವರಿಗೆ ನಾನು ಕೌನ್ಸಿಲ್ ಬರಲಿ ಎನ್ನುವುದನ್ನು ಕಲಿತಿದ್ದೇನೆ. ನರಸಮ್ಮ ಎರಡು ವಾರ ದ್ರಾಕ್ಷಿ ತೋಟಕ್ಕೆ ಹೋದರು. ಟೆಂಪೋದವನು ಮೂರನೇ ವಾರ "ಅಜ್ಜೀನ ಇಳಿಸ್ರಪ್ಪ" ಎಂದನಂತೆ. ಅದನ್ನು ಅವರೇ ನಗುತ್ತಾ ಹೇಳಿದರು.

ಅಕ್ಷತ


ದಾವಣಗೆರೆ
9 ಮಾರ್ಚ್ 2025

ಅಕ್ಷತ,

ನಿನ್ನ ಕಾಗದ ಓದಿ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತು. ಒಬ್ಬಳು ಕೆಳಗೆ ಬರೆದಳು, ಒಬ್ಬಳು ಮೇಲೆ ಬರೆದಳು, ಅಷ್ಟೇ ಅನಿಸಿತು.

ಹಟ್ಟಿಯವರು ದೊಡ್ಡಬಳ್ಳಾಪುರದಲ್ಲಿ ವಕೀಲರನ್ನು ಹಿಡಿದಿದ್ದಾರಂತೆ, ಇವರು ಹೇಳಿದರು. ನರಸಮ್ಮನ ತಮ್ಮನ ಮಗ ಮುಂದೆ ನಿಂತಿದ್ದಾನಂತೆ. ಅಕ್ಷತ, ನಿನಗೆ ಕೈ ಮುಗಿದು ಕೇಳ್ತೀನಿ, ನೀನು ಇದರಲ್ಲಿ ಬೀಳಬೇಡ. ಖಾಲಿ ಹಾಳೆಗೆ ಸಹಿ ಹಾಕಿದ್ದು ಹೊರಗೆ ಬಂದರೆ ಕೇಸು ನನ್ನ ಮೇಲೆ, ಇವರ ಮೇಲೆ ಅಲ್ಲ. ಸಿಂಚನಾ ಮಾವನವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಪೇಪರ್ ಓದ್ತಾ ಕೂತಿರ್ತಾರೆ, ನನ್ನ ಹೆಸರು ಬಂದರೆ ನಾನು ಈ ಮನೆಯಲ್ಲಿ ತಲೆ ಎತ್ತೋ ಹಾಗಿಲ್ಲ. ನೀನು ಬರೆದದ್ದೂ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದು ಬೇಡ. ನಿನ್ನ ಕಾಂಟ್ರ್ಯಾಕ್ಟು ಮಾರ್ಚಿಗೆ ಮುಗಿಯುತ್ತೆ, ಮುಂದುವರಿಸೋಕೆ ಇವರಿಗೆ ಹೇಳಿದ್ದೀನಿ.

ಹನ್ನೊಂದನೇ ವಾರ್ಡು ಮಹಿಳೆಗೆ ಬಂದರೆ ನನ್ನನ್ನೇ ನಿಲ್ಲಿಸ್ತಾರಂತೆ. ಗೆದ್ದರೆ ಏನಾದರೂ ಮಾಡಬಹುದು. ಹಾಗಂತ ಇವರು ಹೇಳ್ತಾರೆ. ಮಗುವಿಗೆ ಏಳು ತಿಂಗಳಾಯಿತು, ಕೂರಿಸಿದರೆ ಕೂರುತ್ತೆ. ಊರಿಗೆ ಬಾ ಅಂತಾರೆ, ನಾನೇ ಇನ್ನೊಂದು ತಿಂಗಳು ಅಂತ ಮುಂದಕ್ಕೆ ಹಾಕ್ತಿದ್ದೀನಿ. ನರಸಮ್ಮನ ಮುಖ ಹೇಗೆ ನೋಡೋದು ಹೇಳು.

ಗಂಗತ್ತೆ


ಸೂಲಗುಂಟೆ
22 ಮಾರ್ಚ್ 2025

ಗಂಗತ್ತೆ,

ನಿಮ್ಮ ಪತ್ರವನ್ನು ಹತ್ತು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ನೀವು ಕೈ ಮುಗಿದು ಎಂದು ಬರೆದ ಸಾಲನ್ನು ಓದಲಾಗುವುದಿಲ್ಲ.

ಕಳೆದ ಭಾನುವಾರ ಹಟ್ಟಿಗೆ ಹೋಗಿದ್ದೆ. ನರಸಮ್ಮ ಚಾವಡಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು, ಕೆಜಿಗೆ ಇಷ್ಟು ಎಂದು ಯಾರೋ ಕೊಟ್ಟು ಹೋಗುತ್ತಾರೆ. ಪಕ್ಕದಲ್ಲಿ ಕೂತು ನಾನೂ ಬಿಡಿಸಿದೆ. ಆ ನಿರ್ಣಯ ಬರೆದವಳು ನಾನೇ ಎಂದು ಹೇಳಬೇಕೆಂದು ಹೋದವಳು, ಒಂದು ಮೊರ ತುಂಬುವವರೆಗೆ ಹೇಳಲಿಲ್ಲ. ಆಮೇಲೆ ಹೇಳಿದೆ.

ಅವರು ತಲೆ ಎತ್ತಲಿಲ್ಲ. "ಅಕ್ಸರ ನೋಡ್ದಾಗ್ಲೇ ಗೊತ್ತಾಯ್ತು ನಂಗೆ" ಎಂದರು.

"ನಿಮಗೆ ಓದೋಕೆ ಬರಲ್ಲವಲ್ಲ ನರಸಮ್ಮ."

"ಓದಕ್ ಬರಲ್ಲ. ನೀನು ನಮ್ಮ ಅರ್ಜಿ ಬರ್ದಾಗ ಅಷ್ಟೊತ್ತು ಹಿಡ್ಕೊಂಡಿದ್ನಲ್ಲ ಕೈಲಿ. ಅದೇ ಬಳ್ಳಿ ಬಳ್ಳಿ ಅಕ್ಸರ." ಮತ್ತೊಂದು ಹಣ್ಣು ಬಿಡಿಸುತ್ತಾ, "ನೀನೇ ಬಂದು ಹೇಳ್ಲಿ ಅಂತ ಸುಮ್ಕಿದ್ದೆ" ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ನಾಲ್ಕು ತಿಂಗಳು ನನ್ನ ಮುಂದೆ ಬಂದು ಕೂತು, ಕರೆಂಟು, ದೀಪ, ಕಂದಾಯ ಎಂದು ಕೇಳಿ ಹೋಗುತ್ತಿದ್ದರಲ್ಲ, ಅಷ್ಟೂ ದಿನ ಗೊತ್ತಿತ್ತು ಅವರಿಗೆ.

ವಕೀಲರನ್ನು ನೋಡಿದೆ. ಸಭೆಯೇ ನಡೆದಿಲ್ಲ ಎಂದು ಹಟ್ಟಿಯವರು ಹೇಳಿದರೆ ಯಾರೂ ನಂಬುವುದಿಲ್ಲವಂತೆ. ಹಾಜರಿಯಲ್ಲಿ ಎಲ್ಲರ ಸಹಿಯಿದೆ. ಒಳಗಿದ್ದವರು ಯಾರಾದರೂ ಪ್ರಮಾಣ ಮಾಡಿ ಬರೆದುಕೊಡಬೇಕು. ಬರೆದುಕೊಟ್ಟರೆ ಹಟ್ಟಿ ಪಟ್ಟಣದಿಂದ ಹೊರಬರುತ್ತದೆಯೇ ಎಂದು ಕೇಳಿದೆ. "ಹೇಳೋಕಾಗಲ್ಲಮ್ಮ. ಅಧಿಸೂಚನೆ ಆಗಿಹೋಗಿದೆ. ಎರಡು ವರ್ಷ, ಮೂರು ವರ್ಷ. ಅಷ್ಟರಲ್ಲಿ ಎಲೆಕ್ಷನ್ ಆಗಿಬಿಟ್ಟರೆ ಇನ್ನೂ ಕಷ್ಟ" ಎಂದರು. ನರಸಮ್ಮನಿಗೆ ಈಗಲೇ ಅರವತ್ತೊಂದು. ಅದನ್ನು ವಕೀಲರಿಗೆ ಹೇಳಿದೆ. ಅವರು ಫೈಲು ಕಟ್ಟಿದರು.

ನಾನು ಬರೆದುಕೊಟ್ಟರೆ ಯಾರಿಗೆ ಏನಾಗುತ್ತದೆ ಎಂದು ಎಲ್ಲ ರೀತಿಯಲ್ಲೂ ಯೋಚಿಸಿದೆ. ನಿಮ್ಮ ಹೆಸರನ್ನು ಬಿಟ್ಟು ಬರೆಯಲು ಸಾಧ್ಯವೇ ಎಂದು ನೋಡಿದೆ. ಹಾಳೆ ಖಾಲಿ ಇತ್ತು, ಸಹಿ ಮೊದಲೇ ಇತ್ತು ಎನ್ನದೆ ಉಳಿದದ್ದನ್ನು ಹೇಳಲು ಬರುವುದಿಲ್ಲ. ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಬಂದಿಲ್ಲ. ನೀವು ಮೊದಲು ಬಂದು ನೀವೇ ಹೇಳುತ್ತೀರೇನೋ ಎಂದೂ ಅಂದುಕೊಂಡೆ. ಕಳೆದ ಜುಲೈನಿಂದ ನಾನು ಅಂದುಕೊಳ್ಳುತ್ತಿರುವುದೇ ಅದನ್ನು. ನೀವು ಬರುತ್ತೀರಿ, ಆಮೇಲೆ ಸರಿಹೋಗುತ್ತದೆ.

ಇದನ್ನು ನಿಮ್ಮನ್ನು ಒಪ್ಪಿಸಲು ಬರೆಯುತ್ತಿಲ್ಲ. ಬೇರೆಯವರಿಂದ ತಿಳಿಯುವುದು ಬೇಡ ಎಂದು ಬರೆಯುತ್ತಿದ್ದೇನೆ. ಪತ್ರ ನಿಮಗೆ ಸಿಗುವ ಹೊತ್ತಿಗೆ ಪ್ರಮಾಣ ಮಾಡಿ ಬರೆದುಕೊಟ್ಟು ಆಗಿರುತ್ತದೆ. ಯಾರು ಬರೆದದ್ದು ಎಂದರೆ ನನ್ನ ಹೆಸರು ಹೇಳುತ್ತೇನೆ. ಯಾವಾಗ ಸಹಿ ಬಿತ್ತು ಎಂದರೆ ಅದನ್ನೂ ಹೇಳುತ್ತೇನೆ. ಆಟೊ ನಿಂತಿತ್ತು, ಸಿಂಚನಕ್ಕನಿಗೆ ಹುಷಾರಿರಲಿಲ್ಲ ಎನ್ನುವುದನ್ನೂ ಬರೆಸಬೇಕೆಂದು ವಕೀಲರಿಗೆ ಹೇಳಿದ್ದೇನೆ. ಅದಕ್ಕೆ ಬೆಲೆಯಿಲ್ಲ ಎಂದರು. ಆದರೂ ಬರೆಸುತ್ತೇನೆ.

ಮನೆಯಲ್ಲಿ ಹೇಳಿಲ್ಲ. ಮುರಳಿಗೂ ಹೇಳಿಲ್ಲ. ಸೋಮವಾರಕ್ಕೆ ಒಂದು ದಿನದ ರಜೆ ಬೇಕೆಂದು ಚೀಟಿ ಕೊಟ್ಟಿದ್ದೇನೆ. ಕಾರಣ ಎಂಬಲ್ಲಿ 'ಸ್ವಂತ ಕೆಲಸ' ಎಂದು ಬರೆದೆ.

ಅಕ್ಷತ